ಸಂಬಳ ಕೇಳದ ಇಬ್ಬರು ನೌಕರರು

ಅಡಿಕೆಯ ಧಾರಣೆ, ಕಾಫಿಯ ಹೂಮಳೆ, ಕೊಳೆರೋಗ, ಕೂಲಿಯಾಳಿನ ಅಭಾವ - ನಾಲ್ಕು ಜನ ಬೆಳೆಗಾರರು ಕೂಡಿದಲ್ಲಿ ಈ ಮಾತುಗಳಿಗೆ ಕೊನೆಯಿಲ್ಲ. ಆದರೆ ಇವುಗಳಲ್ಲಿ ಜಗಳಕ್ಕೆ ಅವಕಾಶವೂ ಇಲ್ಲ. ಧಾರಣೆ ಏರಬೇಕು, ಮಳೆ ಹೊತ್ತಿಗೆ ಸರಿಯಾಗಿ ಬರಬೇಕು ಎಂಬಲ್ಲಿ ಎಲ್ಲರದೂ ಒಂದೇ ಮತ. ಒಮ್ಮತದಿಂದಿರುವ ಸಂಘವನ್ನು ಅರೆಗಳಿಗೆಯಲ್ಲಿ ಇಬ್ಭಾಗ ಮಾಡಬೇಕೆಂದು ಯಾರಿಗಾದರೂ ಅನಿಸಿದರೆ ಕೇಳಬೇಕಾದ ಪ್ರಶ್ನೆಯೇ ಬೇರೆ: ಮನೆಗೆ ನಾಯಿ ಮೇಲೋ, ಬೆಕ್ಕು ಮೇಲೋ?

ಈ ಪ್ರಶ್ನೆಗೆ ಉತ್ತರ ಹೇಳುವ ಅರ್ಹತೆ ನಮಗೆ ಸ್ವಲ್ಪ ಇದೆ ಎಂದು ಭಾವಿಸುತ್ತೇವೆ. ನಾವು ಹುಟ್ಟಿ ಬೆಳೆದದ್ದು ಸವದತ್ತಿಯ ಎರೆಭೂಮಿಯಲ್ಲಿ. ಪದವಿ ಮುಗಿಸಿ ಬಂದು ಬೇರು ಬಿಟ್ಟದ್ದು ಮಲೆನಾಡಿನ ತೋಟದಲ್ಲಿ. ಹೀಗಾಗಿ ಬಯಲುಸೀಮೆಯ ನಾಯಿಬೆಕ್ಕುಗಳನ್ನೂ ಕಂಡಿದ್ದೇವೆ, ಕಾಡಂಚಿನ ನಾಯಿಬೆಕ್ಕುಗಳನ್ನೂ ಸಾಕಿದ್ದೇವೆ. ಅಲ್ಲಿ ನಮ್ಮಜ್ಜಿ ಅನ್ನುತ್ತಿದ್ದ ಒಂದು ಮಾತು ಈಗಲೂ ನೆನಪಿದೆ: "ನಾಯಿ ಮನಿ ಕಾಯತೈತಿ, ಬೆಕ್ಕು ಮನಿ ಆಳತೈತಿ." ಇಷ್ಟು ಹೇಳಿದ ಮೇಲೆ ಹೆಚ್ಚಿನದೇನೂ ಉಳಿಯುವುದಿಲ್ಲ. ಆದರೂ ಪತ್ರಿಕೆಯ ಪುಟ ತುಂಬಬೇಕಲ್ಲ!

ಮೊದಲು ನಾಯಿಯ ವಿಚಾರ. ಮನುಷ್ಯ ಬೇಸಾಯ ಕಲಿಯುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲೇ, ಅವನಿನ್ನೂ ಬೇಟೆಯಾಡಿಕೊಂಡು ಅಲೆಯುತ್ತಿದ್ದಾಗಲೇ, ತೋಳದ ಕುಲದಿಂದ ಬೇರೆಯಾಗಿ ಅವನ ಬೆಂಕಿಯ ಬಳಿಗೆ ಬಂದು ಕುಳಿತ ಪ್ರಾಣಿ ಇದು. ಜರ್ಮನಿಯಲ್ಲಿ ಸುಮಾರು 14,000 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯರ ಜೊತೆಗೆ ನಾಯಿಯ ಎಲುಬೂ ಸಿಕ್ಕಿದೆ. ಅಷ್ಟು ಹಳೆಯ ನೌಕರ. ಗುಂಪಿನಲ್ಲಿ ಬಾಳುವುದು, ಹಿರಿಯನ ಮಾತು ಕೇಳುವುದು ಅದರ ರಕ್ತದಲ್ಲೇ ಬಂದ ಗುಣ. ನಾವು ಬೈದರೂ ಬಾಲ ಆಡಿಸುವುದು, ಹೊಡೆದರೂ ಹಿಂದೆ ಬರುವುದು ಈ ಗುಣದಿಂದಲೇ. ಇದನ್ನು ಕೆಲವರು ನಿಷ್ಠೆ ಎನ್ನುತ್ತಾರೆ. ಬೆಕ್ಕಿನ ಪಕ್ಷದವರು ಇದನ್ನೇ ಮಾನಗೇಡಿತನ ಎನ್ನುತ್ತಾರೆ.

ಸವದತ್ತಿ ಸೀಮೆಯಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳ ಸಾಲು ಹೊರಡುವುದನ್ನು ನೋಡಿದವರಿಗೆ ಗೊತ್ತು. ಚಕ್ಕಡಿಯ ಕೆಳಗಿನ ನೆರಳಲ್ಲಿ ಒಂದು ನಾಯಿ ನಾಲಿಗೆ ಚಾಚಿಕೊಂಡು ನಡೆಯುತ್ತಿರುತ್ತದೆ. ಇಡೀ ಚಕ್ಕಡಿಯನ್ನು ತಾನೇ ಎಳೆಯುತ್ತಿದ್ದೇನೆಂದು ಅದರ ತಿಳಿವಳಿಕೆ ಎಂದು ಗಾದೆ ಹೇಳುತ್ತದೆ. ಸಹಕಾರ ಸಂಘದ ಕಾರ್ಯದರ್ಶಿಗಳ ಬಗ್ಗೆಯೂ ಕೆಲವು ಸದಸ್ಯರು ಹೀಗೆಯೇ ಹೇಳುತ್ತಾರೆಂದು ಕೇಳಿದ್ದೇವೆ. ನಮ್ಮ ಉತ್ತರ ಇಷ್ಟೇ: ಚಕ್ಕಡಿ ಎಳೆಯದಿದ್ದರೂ ರಾತ್ರಿ ಬಿಡಾರ ಹೂಡಿದಾಗ ಎತ್ತು, ಹೊರೆ, ಮಕ್ಕಳನ್ನು ಕಾಯುವುದು ಅದೇ ನಾಯಿ ತಾನೆ?

ಸವದತ್ತಿಯಿಂದ ರಾಮದುರ್ಗದ ಕಡೆಗೆ ಹೋಗಿ, ಲೋಕಾಪುರ ದಾಟಿದರೆ ಮುಧೋಳ. ರನ್ನ ಕವಿಯ ಊರು. ಆದರೆ ಇಂದು ಹೊರಗಿನವರಿಗೆ ಆ ಊರಿನ ಹೆಸರು ಗೊತ್ತಿರುವುದು ಹೆಚ್ಚಾಗಿ ನಾಯಿಯಿಂದ. ನೀಳ ಮುಖ, ಒಳಸೇರಿದ ಹೊಟ್ಟೆ, ಬಿಲ್ಲಿನಂತೆ ಬಾಗಿದ ಬೆನ್ನು, ಬಡಿಗೆಯಂಥ ಕಾಲು - ಉಪವಾಸದ ಸನ್ಯಾಸಿಯಂತೆ ಕಾಣುವ ಈ ನಾಯಿ ಓಡಲು ನಿಂತರೆ ಮೊಲಕ್ಕೆ ಉಳಿಗಾಲವಿಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಕಾಪಾಡಿ ಬೆಳೆಸಿ, ಇಂಗ್ಲೆಂಡಿನ ದೊರೆ ಐದನೇ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆ ಕೊಟ್ಟಿದ್ದರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಸೈನ್ಯದವರು ಇದರ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದರು. ನಮ್ಮ ಬಯಲಿನ ಕುರಿಗಾಹಿ, ಬೇಟೆಗಾರರ ಜೊತೆ ಓಡಾಡಿಕೊಂಡಿದ್ದ ನಾಯಿಗೆ ಇಷ್ಟು ಮರ್ಯಾದೆ ದೊರೆತದ್ದು ನಮಗೆ ಹೆಮ್ಮೆಯ ವಿಷಯ.

ಹೆಮ್ಮೆಯೇನೋ ಸರಿ. ಆದರೆ ಇದನ್ನು ಓದಿ ನಾಳೆಯೇ ಯಾರೂ ತೋಟಕ್ಕೊಂದು ಮುಧೋಳದ ನಾಯಿ ತರಲು ಹೊರಡಬೇಡಿ. ಅದು ಮೂಗಿನಿಂದಲ್ಲ, ಕಣ್ಣಿನಿಂದ ಬೇಟೆಯಾಡುವ ಜಾತಿ. ಅದಕ್ಕೆ ಕಣ್ಣು ಹರಿಯುವಷ್ಟು ದೂರ ಬಯಲು ಬೇಕು, ದಿನವೂ ಓಟ ಬೇಕು. ಹತ್ತು ಮಾರು ಆಚೆಗೆ ಏನೂ ಕಾಣದ ಕಾಫಿಗಿಡಗಳ ನಡುವೆ ಅದನ್ನು ಸರಪಳಿಯಲ್ಲಿ ಕಟ್ಟಿಹಾಕುವುದು ಓಟದ ಕುದುರೆಯನ್ನು ಗಾಣಕ್ಕೆ ಹೂಡಿದಂತೆ. ಹಿಮದ ನಾಡಿನ ಉದ್ದಗೂದಲಿನ ನಾಯಿಯನ್ನು ತಂದು ಜೂನ್ ತಿಂಗಳ ಮಳೆಯಲ್ಲಿ ಉಣ್ಣೆ ಹಿಡಿಸುವವರ ವಿಚಾರ ಹೇಳುವುದೇ ಬೇಡ. ನೆಲಕ್ಕೆ ತಕ್ಕ ತಳಿ ಎಂಬ ಮಾತು ಅಡಿಕೆಗೆ ಮಾತ್ರವಲ್ಲ, ನಾಯಿಗೂ ಸಲ್ಲುತ್ತದೆ. ಊರಿನ ಸಾದಾ ಕಂತ್ರಿ ನಾಯಿಯಷ್ಟು ಮಳೆ, ಉಂಬಳ, ಉಣ್ಣೆ ತಡೆದುಕೊಂಡು ದುಡಿಯುವ ತಳಿ ಮಲೆನಾಡಿಗೆ ಇನ್ನೊಂದಿಲ್ಲ.

ಅದರ ದುಡಿಮೆಗೆ ಒಂದು ದೃಷ್ಟಾಂತ. 2019ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಬೆಳೆಗಾರರೊಬ್ಬರು ಮಂಗಗಳ ಹಾವಳಿ ತಾಳಲಾರದೆ, ತಮ್ಮ ಮನೆಯ ನಾಯಿಗೆ ಬಣ್ಣದ ಪಟ್ಟೆ ಎಳೆದು ಹುಲಿಯ ವೇಷ ಹಾಕಿಸಿ ತೋಟದಲ್ಲಿ ತಿರುಗಾಡಿಸಿದರು. ಮಂಗಗಳು ಹೆದರಿ ಓಡುತ್ತವೆಂದು ಅವರು ಹೇಳಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಚಿತ್ರಸಹಿತ ಬಂತು. ನಗುವವರು ನಗಲಿ. ಆದರೆ ಒಂದು ವಿಷಯ ಯೋಚಿಸಬೇಕು. ನಾಯಿ ಈ ವೇಷಕ್ಕೆ ಒಪ್ಪಿತು. ಹುಲಿಯ ಹತ್ತಿರದ ನೆಂಟನಾದ ಬೆಕ್ಕನ್ನು ಹಿಡಿದು ಪಟ್ಟೆ ಬಳಿಯಲು ಹೋಗಿದ್ದರೆ ಬಳಿಯುವವರ ಕೈಮುಖದ ಮೇಲೆಯೇ ಪಟ್ಟೆ ಮೂಡುತ್ತಿದ್ದವು!

ಇನ್ನು ಬೆಕ್ಕು. ಇದು ಬೇಟೆಗಾರನ ಬಳಿಗೆ ಬಂದದ್ದಲ್ಲ, ರೈತನ ಬಳಿಗೆ ಬಂದದ್ದು. ಸುಮಾರು ಹತ್ತು ಸಾವಿರ ವರ್ಷದ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಜನ ಧಾನ್ಯ ಬೆಳೆದು ಕೂಡಿಡಲು ಆರಂಭಿಸಿದರು. ಧಾನ್ಯಕ್ಕೆ ಇಲಿ ಬಂತು, ಇಲಿಗೆ ಕಾಡುಬೆಕ್ಕು ಬಂತು. ಯಾರೂ ಕರೆಯಲಿಲ್ಲ, ಯಾರೂ ಕಟ್ಟಿಹಾಕಲಿಲ್ಲ. ಸೈಪ್ರಸ್ ದ್ವೀಪದಲ್ಲಿ 9,500 ವರ್ಷ ಹಿಂದಿನ ಸಮಾಧಿಯಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂಳಿದ್ದು ಕಂಡುಬಂದಿದೆ. ಸಹಕಾರದ ಮೊದಲ ತತ್ತ್ವ ಸ್ವಯಂಪ್ರೇರಿತ ಹಾಗೂ ಮುಕ್ತ ಸದಸ್ಯತ್ವ ಎಂದು ನಾವು ಸಭೆಗಳಲ್ಲಿ ಭಾಷಣ ಮಾಡುತ್ತೇವೆ. ಅದನ್ನು ಅಕ್ಷರಶಃ ಪಾಲಿಸಿದ ಪ್ರಾಣಿ ಬೆಕ್ಕೊಂದೇ. ತನಗೆ ಲಾಭವಿರುವವರೆಗೆ ಸದಸ್ಯತ್ವ, ಅಸಮಾಧಾನವಾದರೆ ಪಕ್ಕದ ಮನೆಯ ಸಂಘ. ವಾರ್ಷಿಕ ಸಭೆಗೆ ಊಟದ ಹೊತ್ತಿಗೆ ಮಾತ್ರ ಸರಿಯಾಗಿ ಹಾಜರಾಗುವ ಸದಸ್ಯರನ್ನು ಕಂಡಾಗ ನಮಗೆ ಬೆಕ್ಕಿನ ನೆನಪಾಗುವುದು ಸಹಜ. ಹೆಸರು ಹೇಳುವುದಿಲ್ಲ.

ಆದರೆ ಅದರ ಕೆಲಸವನ್ನು ಅಲ್ಲಗಳೆಯುವಂತಿಲ್ಲ. ಸವದತ್ತಿಯ ಕಡೆ ವರ್ಷದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದರು. ದಿನಬಳಕೆಯ ಜೋಳ ಮಾತ್ರ ಮನೆಯೊಳಗೆ ಚೀಲದಲ್ಲಿ ಇರುತ್ತಿತ್ತು. ಹಗೇವು ಮಣ್ಣಿನ ಕಾವಲಿನಲ್ಲಿ, ಚೀಲ ಬೆಕ್ಕಿನ ಕಾವಲಿನಲ್ಲಿ. ನಮ್ಮ ತೋಟದ ಮನೆಗಳಲ್ಲೂ ಅದೇ ಕತೆ. ಒಣ ಅಡಿಕೆಯನ್ನು ಇಲಿ ತಿನ್ನದಿರಬಹುದು, ಆದರೆ ಗೋಣಿಚೀಲ ಕಡಿದು ಗೂಡು ಕಟ್ಟುವುದನ್ನು ಬಿಡುವುದಿಲ್ಲ. ಅಕ್ಕಿ, ಭತ್ತ, ದನದ ಹಿಂಡಿ, ಪಂಪಿನ ತಂತಿ ಯಾವುದನ್ನೂ ಬಿಡುವುದಿಲ್ಲ. ನಾಯಿ ಇಲಿಯನ್ನು ಕಂಡರೆ ಗದ್ದಲ ಮಾಡಿ ನಾಲ್ಕು ಡಬ್ಬಿ ಉರುಳಿಸುತ್ತದೆ, ಇಲಿ ಪಾರಾಗುತ್ತದೆ. ಬೆಕ್ಕು ಉಗುರುಗಳನ್ನು ಒಳಗೆಳೆದುಕೊಂಡು, ಸದ್ದಿಲ್ಲದೆ, ಗಂಟೆಗಟ್ಟಲೆ ಕಾಯುತ್ತದೆ. ಇಲಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ. ಲೆಕ್ಕಪತ್ರ ಬರೆಯುವವರೂ ಇಷ್ಟು ತಾಳ್ಮೆ ಕಲಿತರೆ ಒಳ್ಳೆಯದು.

ಊಟದಲ್ಲಿಯೂ ಇವೆರಡರ ದಾರಿ ಬೇರೆ. ನಾಯಿ ನಮ್ಮ ಪಂಕ್ತಿಯದು. ಅನ್ನ, ರೊಟ್ಟಿ, ಹಬ್ಬದ ಹೋಳಿಗೆಯ ಚೂರು, ಕೊಟ್ಟದ್ದನ್ನೆಲ್ಲ ತಿನ್ನುತ್ತದೆ. ಬೆಕ್ಕು ಹುಟ್ಟು ಮಾಂಸಾಹಾರಿ. ಅದರ ನಾಲಿಗೆಗೆ ಸಿಹಿಯೆಂಬ ರುಚಿಯೇ ತಿಳಿಯುವುದಿಲ್ಲವೆಂದು ವಿಜ್ಞಾನಿಗಳು 2005ರಲ್ಲಿ ತೋರಿಸಿಕೊಟ್ಟರು. ಹೋಳಿಗೆಯನ್ನು ಮೂಸಿ ಮುಖ ತಿರುಗಿಸುವುದು ಸೊಕ್ಕಿನಿಂದಲ್ಲ ಎಂದಾಯಿತು. ಈರುಳ್ಳಿಯೂ ಮುಟ್ಟದ ಮನೆಯಲ್ಲಿ ಹಾಲನ್ನ ಉಂಡು ಬೆಳೆದ ಬೆಕ್ಕು ಕೂಡ ರಾತ್ರಿ ಅಟ್ಟದ ಮೇಲೆ ತನ್ನ ಕುಲಾಚಾರ ನಡೆಸುತ್ತದೆ. ಮನೆಯ ಹಿರಿಯರು ಕಂಡೂ ಕಾಣದಂತೆ ಇರುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆಂಬ ಗಾದೆ ಇದೆಯಲ್ಲ, ಇಲ್ಲಿ ಕಣ್ಣು ಮುಚ್ಚುವವರು ನಾವು.

ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ತಿದ್ದಬೇಕು. ಕಾಫಿಹಣ್ಣು ತಿಂದು ಬೀಜವನ್ನು ಹಿಕ್ಕೆಯಲ್ಲಿ ಹಾಕುವ ಕಬ್ಬೆಕ್ಕಿಗೂ ನಮ್ಮ ಒಲೆಯ ಬಳಿಯ ಬೆಕ್ಕಿಗೂ ಹೆಸರಿನಲ್ಲಿ ಮಾತ್ರ ನೆಂಟಸ್ತಿಕೆ. ಆ ಬೀಜವನ್ನು ಹೆಚ್ಚಿನ ಬೆಲೆಗೆ ಮಾರುವವರಿದ್ದಾರೆಂದು ಕೇಳಿ ಮನೆಯ ಬೆಕ್ಕಿಗೆ ಕಾಫಿ ತಿನ್ನಿಸಲು ಹೋಗಬೇಡಿ. ಕಾಫಿಯಲ್ಲಿರುವ ಕೆಫೀನ್, ಕೋಕೋದಲ್ಲಿರುವ ಥಿಯೋಬ್ರೊಮಿನ್ ಎರಡೂ ನಾಯಿಗೂ ವಿಷ, ಬೆಕ್ಕಿಗೂ ವಿಷ. ಅಡಿಕೆಯ ನಡುವೆ ಕೋಕೋ ಬೆಳೆದವರು ಒಣಗಲು ಹಾಕಿದ ಬೀಜದ ಬಳಿ ನಾಯಿಯನ್ನು ಬಿಡಬಾರದು. ಬೆಕ್ಕಿಗೆ ಸಿಹಿಯ ಚಪಲವಿಲ್ಲ, ನಾಯಿಗೆ ಇದೆ. ಅಪಾಯವೂ ಅದಕ್ಕೇ ಹೆಚ್ಚು.

ಹಾಗಾದರೆ ತೀರ್ಪೇನು? ಅಂಗಳ ನಾಯಿಯದು, ಉಗ್ರಾಣ ಬೆಕ್ಕಿನದು. ಹೊರಗಿನ ಶತ್ರುವಿಗೆ ಸದ್ದು ಬೇಕು, ಒಳಗಿನ ಶತ್ರುವಿಗೆ ಮೌನ ಬೇಕು. ಒಬ್ಬರ ಕೆಲಸ ಇನ್ನೊಬ್ಬರಿಂದ ಆಗದು. ಎರಡೂ ಇರುವ ಮನೆಯಲ್ಲಿ ಮೊದಲು ಮೂರು ದಿನ ಯುದ್ಧ, ಮೂರು ವಾರ ಮುನಿಸು, ಆಮೇಲೆ ಚಳಿಗಾಲದಲ್ಲಿ ಒಂದೇ ಗೋಣಿಚೀಲದ ಮೇಲೆ ನಿದ್ರೆ. ನಮ್ಮ ಆಡಳಿತ ಮಂಡಳಿಗಳಲ್ಲಿಯೂ ಇದಕ್ಕಿಂತ ಒಳ್ಳೆಯ ರಾಜಿ ಆಗುವುದು ಅಪರೂಪ.

ಆದರೆ ಬೆಳೆಗಾರ ಬಂಧುಗಳೇ, ಈ ತಮಾಷೆಯ ಮಾತಿನ ಹಿಂದೆ ನಮಗೊಂದು ಬಾಧೆ ಇದೆ. ಗೊಬ್ಬರದ ಚೀಲ, ಸುಣ್ಣದ ಕಿಲೋ, ಮೈಲುತುತ್ತದ ಗ್ರಾಮು ಎಲ್ಲಕ್ಕೂ ಪುಸ್ತಕದಲ್ಲಿ ಲೆಕ್ಕ ಇಡುವ ನಾವು ಈ ಇಬ್ಬರು ನೌಕರರ ಹೆಸರಿನಲ್ಲಿ ಒಂದು ಸಾಲು ಬರೆಯುವುದಿಲ್ಲ. ಇವರಿಗೆ ಸಂಬಳ ಬೇಡ, ಬೋನಸ್ಸು ಬೇಡ. ಮೂರು ಬಾಕಿ ಮಾತ್ರ ನಮ್ಮ ಮೇಲಿದೆ.

ಮೊದಲನೆಯದು ರೇಬೀಸ್ ಲಸಿಕೆ. ಪ್ರಪಂಚದ ರೇಬೀಸ್ ಸಾವುಗಳಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಭಾರತದ್ದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಔಷಧವಿಲ್ಲ. ಮರಿಗೆ ಮೂರು ತಿಂಗಳಾದಾಗ ಒಂದು ಚುಚ್ಚುಮದ್ದು, ಆಮೇಲೆ ಪ್ರತಿ ವರ್ಷ ಒಂದು. ನಾಯಿಗೆ ಹಾಕಿಸಿದವರೂ ಬೆಕ್ಕನ್ನು ಮರೆಯುತ್ತಾರೆ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಕಚ್ಚಿದರೆ ಅಥವಾ ಪರಚಿದರೆ ಗಾಯಕ್ಕೆ ಸುಣ್ಣ, ಖಾರದಪುಡಿ, ಅರಿಸಿನ ಹಚ್ಚುವುದು ಬೇಡ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ನಮ್ಮ ಬಾಲ್ಯದ ಹೆದರಿಕೆ ಈಗ ಬೇಕಿಲ್ಲ. ಆ ಹಳೆಯ ಲಸಿಕೆ ನಿಂತು ಎಷ್ಟೋ ವರ್ಷವಾಯಿತು. ಈಗ ತೋಳಿಗೆ ಕೊಡುತ್ತಾರೆ. ಗಾಯ ಆಳವಾಗಿದ್ದರೆ ಗಾಯದ ಸುತ್ತಲೂ ಬೇರೆ ಔಷಧ ಕೊಡುತ್ತಾರೆ. ಹೇಳಿದ ದಿನಗಳಂದು ತಪ್ಪದೆ ಹೋಗಿ ಪೂರ್ತಿ ಮಾಡಬೇಕು. ನಮ್ಮ ಮಕ್ಕಳಿಗಷ್ಟೇ ಅಲ್ಲ, ಲೈನ್ ಮನೆಯ ಕೂಲಿಯವರ ಮಕ್ಕಳಿಗೂ ಇದು ತಿಳಿದಿರಬೇಕು. ತೋಟದಲ್ಲಿ ನಾಯಿಯ ಜೊತೆ ಹೆಚ್ಚು ಆಡುವವರು ಅವರೇ.

ಎರಡನೆಯದು ಮರಿಗಳ ಪ್ರಶ್ನೆ. ನಾಯಿಗೂ ಬೆಕ್ಕಿಗೂ ಗರ್ಭ ಎರಡು ತಿಂಗಳ ಮಾತು. ಮರಿ ಹೆಚ್ಚಾದಾಗ ಚೀಲದಲ್ಲಿ ತುಂಬಿ, ಘಾಟಿಯ ತಿರುವಿನಲ್ಲೋ ಸಂತೆಯ ಮೂಲೆಯಲ್ಲೋ ಬಿಟ್ಟುಬರುವ ಪದ್ಧತಿ ನಮ್ಮಲ್ಲಿದೆ. ಅವುಗಳಲ್ಲಿ ಬದುಕಿ ಉಳಿದವೇ ನಾಳೆಯ ಬೀದಿನಾಯಿ. ಆಮೇಲೆ ಬೀದಿನಾಯಿ ಹಾವಳಿ ಎಂದು ಪಂಚಾಯಿತಿಗೆ ಅರ್ಜಿ ಬರೆಯುವವರೂ ನಾವೇ. ಪಶುವೈದ್ಯರಿಂದ ಒಂದು ಸಲ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಈ ಪಾಪದ ಕೆಲಸ ತಪ್ಪುತ್ತದೆ.

ಮೂರನೆಯದು ವಿಷ ಮತ್ತು ಸರಪಳಿ. ಇಲಿಪಾಷಾಣ ತಿಂದ ಇಲಿಯನ್ನು ತಿಂದು ಬೆಕ್ಕು ಸತ್ತರೆ, ಸತ್ತದ್ದು ನಮ್ಮ ಕಡೆಯ ಆಳು. ಬೆಕ್ಕಿರುವ ಮನೆಯಲ್ಲಿ ಬೋನಿನಿಂದ ಕೆಲಸ ಸಾಗಲಿ. ಹಾಗೆಯೇ ಚಿರತೆ ಓಡಾಡುವ ಕಾಡಂಚಿನಲ್ಲಿ ರಾತ್ರಿ ನಾಯಿಯನ್ನು ಅಂಗಳದಲ್ಲಿ ಕಟ್ಟಿಹಾಕುವುದು ಕಾವಲಲ್ಲ, ಚಿರತೆಗೆ ಎಲೆ ಹಾಕಿ ಬಡಿಸಿದಂತೆ. ಒಮ್ಮೆ ರುಚಿ ಕಂಡ ಚಿರತೆ ಮತ್ತೆ ಅದೇ ಅಂಗಳಕ್ಕೆ ಬರುತ್ತದೆ. ರಾತ್ರಿ ಅದಕ್ಕೊಂದು ಭದ್ರವಾದ ಗೂಡು ಮಾಡಿಕೊಡಿ. ಬೊಗಳುವುದಕ್ಕೆ ಗೂಡು ಅಡ್ಡಿಯಾಗುವುದಿಲ್ಲ.

ಮುಂದಿನ ಮಳೆಗಾಲಕ್ಕೆ ಮೊದಲು ಸಂಘದ ಉಗ್ರಾಣದ ಅಂಗಳದಲ್ಲಿ ಪಶುವೈದ್ಯರನ್ನು ಕರೆಸಿ ಒಂದು ದಿನದ ಲಸಿಕೆ ಶಿಬಿರ ನಡೆಸಬೇಕೆಂದು ಆಡಳಿತ ಮಂಡಳಿಯ ಮುಂದೆ ಸೂಚನೆ ಇಡುತ್ತಿದ್ದೇವೆ. ನಾಯಿಯ ಪಕ್ಷದವರು ನಾಯಿಯನ್ನು ಹಗ್ಗ ಕಟ್ಟಿ ತರಲಿ. ಬೆಕ್ಕಿನ ಪಕ್ಷದವರು ಬಾಯಿ ಕಟ್ಟಿದ ಬುಟ್ಟಿಯಲ್ಲಿ ತರಲಿ, ಬರಿಗೈಯಲ್ಲಿ ಎತ್ತಿಕೊಂಡು ಬರುವ ಸಾಹಸ ಬೇಡ. ಸೂಚನೆಗೆ ಅನುಮೋದಕರು ಬೇಕಾಗಿದ್ದಾರೆ. ಈ ಒಂದು ವಿಷಯದಲ್ಲಾದರೂ ಎರಡೂ ಪಕ್ಷದವರು ಒಟ್ಟಿಗೆ ಕೈ ಎತ್ತುವರೆಂದು ನಂಬಿದ್ದೇವೆ.