ಕೆಸರು ಹತ್ತಿದ ಟ್ಯಾಂಕಿಗೆ ಯಾಕ್ರೀ ಅಂಕ ಕಡಿಮೆ?

ಶಾಲಾ ವಸ್ತುಪ್ರದರ್ಶನದ ಹಂಗಾಮು ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆ ಪುಸ್ತಕದಂಗಡಿಗಳಲ್ಲಿ ಥರ್ಮಾಕೋಲಿಗೆ, ಅಂಟಿಗೆ, ಹಸಿರು ಬಣ್ಣಕ್ಕೆ ಒಮ್ಮೆಲೇ ಗಿರಾಕಿ. ಒಂದು ಜ್ವಾಲಾಮುಖಿ, ಒಂದು ಮಳೆನೀರಿನ ಕೊಯ್ಲು, ಮೂರನೆಯದು ಮಿಲಿಟರಿ ಟ್ಯಾಂಕು. ಇರಲಿ, ಒಳ್ಳೆಯದೇ. 1963 ರಿಂದ ಸೈನಿಕ ಶಾಲೆ ಇರುವ ಜಿಲ್ಲೆ ನಮ್ಮದು. ಹುಡುಗರಿಗೆ ಟ್ಯಾಂಕಿನ ಹುಚ್ಚು ಇರಲೇಬೇಕು.

ತಕರಾರು ಇರುವುದು ನಿರ್ಣಾಯಕರ ಮೇಲೆ. ನಮ್ಮ ಭಾಗದ ಒಂದು ಶಾಲೆ, ಹೆಸರು ಬೇಡ. ಅಲ್ಲಿ ಹುಡುಗನೊಬ್ಬ ರಟ್ಟಿನ ಟ್ಯಾಂಕು ಮಾಡಿ, ಅದರ ಚೈನಿಗೆ, ಮಡ್‌ಗಾರ್ಡಿಗೆ ತಮ್ಮ ಹೊಲದ ಎರಿಮಣ್ಣು ಮೆತ್ತಿಕೊಂಡು ತಂದಿದ್ದ. ‘ಏನಪಾ, ತೊಳಕೊಂಡು ತರಬಾರದಿತ್ತೇನು?’ ಎಂದ ನಿರ್ಣಾಯಕರು ಅದನ್ನು ಹಿಂದಿನ ಸಾಲಿಗೆ ಇಡಿಸಿದರು. ಬಹುಮಾನ ಹೋದದ್ದು ಪ್ಯಾಟಿಯಿಂದ ತಂದ, ಥಳಥಳ ಹೊಳೆಯುವ ಪ್ಲಾಸ್ಟಿಕ್ ಟ್ಯಾಂಕಿಗೆ.

ಅಲ್ರೀ, ಟ್ಯಾಂಕು ಅಂದರೆ ಶೋರೂಮಿನ ಮೋಟಾರ್ ಸೈಕಲ್ಲೇ? ನಲವತ್ತು ಟನ್ನಿನ ಗಾಡಿ ಹೊಲದಲ್ಲಿ ಓಡಿದರೆ ಹೂ ಉದುರುತ್ತವೆಯೇ? 1965 ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಖೇಮ್ ಕರನ್ ಹತ್ತಿರ, ಅಸಲ್ ಉತ್ತರ್ ಊರ ಹೊಲಗಳಿಗೆ ನಮ್ಮವರು ನೀರು ಬಿಟ್ಟರು. ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕಬ್ಬಿನ ಹೊಲದ ರಾಡಿಯಲ್ಲಿ ಸಿಕ್ಕಿಬಿದ್ದವು. ಜೀಪಿನ ಮೇಲಿನ ತೋಪಿನಿಂದ ಅಂಥ ಟ್ಯಾಂಕುಗಳನ್ನು ಹೊಡೆದು ಪ್ರಾಣ ಬಿಟ್ಟ ಹವಾಲ್ದಾರ್ ಅಬ್ದುಲ್ ಹಮೀದರಿಗೆ ಪರಮವೀರ ಚಕ್ರ ಬಂತು. 1971 ರಲ್ಲಿ ಲೋಂಗೇವಾಲಾದಲ್ಲಿ ವೈರಿಯ ಗಾಡಿ ಹಿಡಿದದ್ದು ಮರುಭೂಮಿಯ ಉಸುಕು. ಆ ಕೆಸರನ್ನೇ ಒರೆಸಿ ಹಾಕಿದರೆ ಹುಡುಗರಿಗೆ ಯುದ್ಧದ ಯಾವ ಕಥೆ ಹೇಳುತ್ತೀರಿ?

ಮಾದರಿಗೆ ಕೆಸರು ಹಚ್ಚುವುದು ಹೊರದೇಶಗಳಲ್ಲಿ ದೊಡ್ಡ ವಿದ್ಯೆ. ಸ್ಪೇನಿನ ಕಂಪನಿಗಳು ಕೆಸರನ್ನು ಬಾಟ್ಲಿಯಲ್ಲಿ ತುಂಬಿ ಮಾರುತ್ತವೆ. ಹೌದ್ರೀ, ಕೆಸರು, ಬಾಟ್ಲಿಯಲ್ಲಿ! ಡೋಣಿ ದಂಡೆಯವರು ನಗಬೇಕು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗಳಿಗೆ ಈ ಮಣ್ಣಿನ ಗುಣ ಗೊತ್ತು. ಹಸಿ ಇದ್ದಾಗ ಕರಿ, ಒಣಗಿದರೆ ಬೂದಿ ಬಣ್ಣ. ಬರಿ ಎರಿ ಹಚ್ಚಿದರೆ ಬಿರುಕು ಬಿಡುತ್ತದೆ. ಸಣ್ಣ ಉಸುಕು, ಬಿಳಿ ಅಂಟು ಕೂಡಿಸಿ ತೆಳ್ಳಗೆ ಎರಡು ಮೂರು ಸಲ ಹಚ್ಚಬೇಕು. ಮಣ್ಣನ್ನು ಅರಿವೆಯಲ್ಲಿ ಸೋಸಲೇಬೇಕು. ಯಾಕಂದರೆ ಮಾದರಿ 35 ಪಟ್ಟು ಚಿಕ್ಕದಿದ್ದರೆ, ಅದರ ಮೇಲಿನ ಒಂದು ಮಿಲಿಮೀಟರ್ ಹರಳು ನಿಜದಲ್ಲಿ ಮೂರೂವರೆ ಸೆಂಟಿಮೀಟರ್ ಕಲ್ಲಾಯಿತು.

ಎಲ್ಲಿ ಹಚ್ಚಬೇಕು ಅನ್ನುವುದು ಇನ್ನೂ ಕಠಿಣ. ಇಡೀ ಟ್ಯಾಂಕನ್ನು ರಾಡಿಯಲ್ಲಿ ಅದ್ದಿ ತೆಗೆದರೆ ಅದೂ ಸುಳ್ಳೇ. ದಿನಾ ಬಸ್ಸಿಗೆ ಕಾಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ತಾಳಿಕೋಟಿ ಕಡೆಯಿಂದ ಬಂದ ಬಸ್ಸನ್ನು ನೋಡಿರಿ. ಗಾಲಿಯ ಹಿಂದೆ ದಪ್ಪ ಮೆತ್ತಿಗೆ, ಮೇಲೇರಿದಂತೆ ಬರಿ ಸಿಡಿದ ಹನಿ. ಹಿಂದಿನ ಗಾಜು ಪೂರಾ ಹುಡಿ, ಮುಂದಿನ ಗಾಜಿನಲ್ಲಿ ವೈಪರ್ ಓಡಿದಷ್ಟೇ ಸ್ವಚ್ಛ. ಹತ್ತುವ ಮೆಟ್ಟಿಲಿನ ಅಂಚು ಚಪ್ಪಲಿ ಸವೆದು ಬೆಳ್ಳಗಾಗಿರುತ್ತದೆ. ಟ್ಯಾಂಕಿನದೂ ಇದೇ ಲೆಕ್ಕ. ಕೆಳಗೆ ಕೆಸರು, ಮೇಲೆ ಧೂಳು, ಸಿಪಾಯಿ ಕಾಲಿಡುವಲ್ಲಿ ಬಣ್ಣ ಹೋಗಿರಬೇಕು, ನೆಲ ತಿಕ್ಕುವ ಚೈನಿನ ಅಂಚು ಮಿಂಚಬೇಕು. ಅದಕ್ಕೆ ಪೆನ್ಸಿಲಿನ ಸೀಸ ಸಾಕು. ತುಕ್ಕಿಗೆ ಇಟ್ಟಂಗಿ ಪುಡಿ, ಹೊಗೆ ಕೊಳವೆಗೆ ಇದ್ದಲಿ ಪುಡಿ. ಖರ್ಚು ಅಂಟಿನದಷ್ಟೇ.

ಆ ಹುಡುಗ ಇದನ್ನೆಲ್ಲ ಕಣ್ಣಿಟ್ಟು ನೋಡಿ ಕಲಿತಿದ್ದ. ‘ಈ ಕೆಸರು ಇಲ್ಲೇ ಯಾಕೆ ಹತ್ತಿತು, ಅಲ್ಲಿ ಯಾಕಿಲ್ಲ?’ ಎಂದು ಒಂದು ಮಾತು ಕೇಳಿದ್ದರೆ ಹತ್ತು ನಿಮಿಷ ಹೇಳುತ್ತಿದ್ದ. ಕೊಂಡು ತಂದ ಟ್ಯಾಂಕಿನವನನ್ನು ಕೇಳಿದ್ದರೆ ರೇಟು ಹೇಳುತ್ತಿದ್ದ. ಇನ್ನು ಮುಂದೆ ನಿರ್ಣಾಯಕರಾಗಿ ಕೂಡುವ ಮಾಸ್ತರರು, ದೊಡ್ಡವರು ಈ ಒಂದು ಪ್ರಶ್ನೆ ಕೇಳಿ ಆಮೇಲೆ ಅಂಕ ಹಾಕಲಿ. ಕೊಂಡು ತಂದ ಮಾದರಿಗಳನ್ನು ಸ್ಪರ್ಧೆಯ ಹೊರಗೇ ಇಡಲಿ.

ಟ್ಯಾಂಕು ಈಗ ಅವರಪ್ಪನ ಕಿರಾಣಿ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆ ಮೇಲೆ ಕೂತಿದೆ. ಮೊನ್ನೆ ಬೆಲ್ಲ ತೂಗಿಸಿಕೊಳ್ಳುತ್ತಿದ್ದ ಮುದುಕರೊಬ್ಬರು ಅದನ್ನು ಬಗ್ಗಿ ನೋಡಿ, ‘ಡೋಣಿ ದಾಟಿ ಬಂದೈತೇನಪಾ ಇದು?’ ಅಂದರು.