ಶಾಲೆ ಮುಂದಿನ ವೇಗ ಮೊದಲು ಅಳೆಯಿರಿ, ಆಮೇಲೆ ಇಳಿಸಿರಿ

ಬೆಳಿಗ್ಗೆ ಮಗಳನ್ನು ಬಸ್ಸು ಹತ್ತಿಸಿ ಮನೆಗೆ ವಾಪಸ್ ಬರುವ ಅವ್ವ, ಇನ್ನೇನು ಮಗಳು ಶಾಲೆ ಮುಟ್ಟಿದಳು ಅಂತಲೇ ತಿಳಿದಿರುತ್ತಾಳೆ. ಆದರೆ ಬಸ್ಸು ಮುಟ್ಟಿಸುವುದು ನಿಲ್ದಾಣಕ್ಕೆ ಮಾತ್ರ. ನಿಲ್ದಾಣಕ್ಕೂ ಶಾಲೆಯ ಗೇಟಿಗೂ ನಡುವೆ ಒಂದು ರಸ್ತೆ ಇರುತ್ತದೆ. ನಾವು ಇವತ್ತು ಮಾತಾಡುತ್ತಿರುವುದು ಆ ರಸ್ತೆಯ ಬಗ್ಗೆ.

ಕಲಘಟಗಿ, ಕುಂದಗೋಳ, ನವಲಗುಂದ, ಅಳ್ನಾವರ ಕಡೆಯ ಹಳ್ಳಿಗಳಿಂದ ದಿನಾ ಮಕ್ಕಳು ಹುಬ್ಬಳ್ಳಿ-ಧಾರವಾಡಕ್ಕೆ ಓದಲು ಹೋಗುತ್ತಾರೆ. ನಮ್ಮಲ್ಲೂ ಕೆಲವರು ಹಾಗೇ ಓದಿ ಬಂದವರು. ನಮ್ಮ ಒಬ್ಬ ಗೆಳತಿ ಪಿಯುಸಿಯ ಮೊದಲ ವಾರ ರಸ್ತೆ ದಾಟುವಾಗ ಟೆಂಪೊ ಒಂದರ ಕನ್ನಡಿ ತಾಗಿ ಬೆನ್ನ ಮೇಲಿನ ಚೀಲ ಹರಿದುಹೋಯಿತು. ಅವಳು ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಕಾಲೇಜು ಬಿಡಿಸುತ್ತಾರೆ ಅನ್ನುವ ಹೆದರಿಕೆ. ಹಳ್ಳಿಯ ಹೆಣ್ಣುಮಕ್ಕಳಿಗೆ ರಸ್ತೆಯ ಭಯ ಅಂದರೆ ಓದು ನಿಲ್ಲುವ ಭಯವೂ ಹೌದು.

ಹುಬ್ಬಳ್ಳಿ ಮತ್ತು ಧಾರವಾಡದ ನಡುವಿನ ಬಿಆರ್‌ಟಿಎಸ್ ರಸ್ತೆಯನ್ನು ನೀವು ನೋಡಿರುತ್ತೀರಿ. ಸುಮಾರು 22 ಕಿಲೋಮೀಟರ್ ಉದ್ದ. 2018ರಿಂದ ಅಲ್ಲಿ ಚಿಗರಿ ಬಸ್ಸುಗಳು ಓಡುತ್ತಿವೆ. ಬಸ್ಸಿಗೆ ನಡುವೆ ಬೇರೆ ದಾರಿ, ಉಳಿದ ವಾಹನಗಳಿಗೆ ಎರಡೂ ಬದಿಯಲ್ಲಿ ದಾರಿ. ಬಸ್ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಅಂದರೆ ಚಿಗರಿ ಇಳಿದ ಮಗು ಎಡಕ್ಕೆ ಹೋಗಲಿ, ಬಲಕ್ಕೆ ಹೋಗಲಿ, ಕಾರು ಬೈಕು ಓಡುವ ದಾರಿಯನ್ನು ದಾಟಲೇಬೇಕು. ಬಸ್ಸು ಒಳ್ಳೆಯದೇ, ನಾವೂ ಅದರಲ್ಲೇ ಓಡಾಡುತ್ತೇವೆ. ಆದರೆ ಅಗಲವಾದ, ನೇರವಾದ ರಸ್ತೆ ಕಂಡರೆ ಚಾಲಕನ ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ. ಮುಂದೆ ಶಾಲೆ ಇದೆ ಎಂಬ ಒಂದು ಬೋರ್ಡು ಆ ಕಾಲನ್ನು ಎತ್ತಿಸುವುದಿಲ್ಲ.

ವೇಗದ ಲೆಕ್ಕ ಸ್ವಲ್ಪ ನೋಡೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಮಗು ಅಡ್ಡ ಬಂದಿದ್ದು ಕಂಡು, ಕಾಲು ಬ್ರೇಕಿನ ಮೇಲೆ ಬರುವಷ್ಟರಲ್ಲಿ ಆ ಒಂದು ಸೆಕೆಂಡು ಕಳೆದಿರುತ್ತದೆ. ಮಗು 20 ಮೀಟರ್ ದೂರದಲ್ಲಿದ್ದರೆ, ಗಾಡಿ ಹೆಚ್ಚುಕಡಿಮೆ ಅದೇ ವೇಗದಲ್ಲಿ ಬಡಿಯುತ್ತದೆ. ಅದೇ ಗಾಡಿ 30ರಲ್ಲಿ ಇದ್ದರೆ, ಒಣ ರಸ್ತೆಯಲ್ಲಿ ಸುಮಾರು 14 ಮೀಟರಿಗೆ ನಿಂತುಬಿಡುತ್ತದೆ. ಮಗುವಿಗೂ ಗಾಡಿಗೂ ನಡುವೆ ಇನ್ನೂ ಆರು ಮೀಟರ್ ಉಳಿದಿರುತ್ತದೆ. ಜನ ಮತ್ತು ವಾಹನ ಕೂಡಿ ಓಡಾಡುವ ಕಡೆ 30 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನೆ ಅಲ್ಲ. ಆದರೆ 2018ರ ಕೇಂದ್ರ ಸರ್ಕಾರದ ಅಧಿಸೂಚನೆ ಪ್ರಕಾರ ನಗರದ ಮಿತಿಯೊಳಗೆ ಕಾರಿಗೆ ಗರಿಷ್ಠ 70. ಸ್ಥಳೀಯವಾಗಿ ಯಾರಾದರೂ ಇಳಿಸದಿದ್ದರೆ, ಶಾಲೆಯ ಮುಂದೆಯೂ ಅಷ್ಟೇ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಮಂದಿ ನಡೆದು ಹೋಗುತ್ತಿದ್ದವರು.

ಹಾಗಾದರೆ ಎಲ್ಲ ಶಾಲೆ ಮುಂದೆ ನಾಳೆಯೇ ಒಂದೊಂದು ಹಂಪ್ ಹಾಕಿಬಿಡಬೇಕೇ? ಬೇಡ. ನಮ್ಮಲ್ಲಿ ಆಗುತ್ತಿರುವುದೇ ಅದು. ಒಂದು ಸಾವು ಆಗಬೇಕು, ಜನ ರಸ್ತೆ ತಡೆ ಮಾಡಬೇಕು, ರಾತ್ರೋರಾತ್ರಿ ಒಂದು ಡಾಂಬರಿನ ಗುಡ್ಡ ಏಳಬೇಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಆ ಗುಡ್ಡಕ್ಕೆ ಬಣ್ಣ ಇಲ್ಲ, ಮುನ್ಸೂಚನೆ ಬೋರ್ಡು ಇಲ್ಲ. ಬೈಕಿನ ಹಿಂದೆ ಕೂತ ಅಜ್ಜಿ ಅದರ ಮೇಲೆ ಬಿದ್ದರೆ ಅದೂ ಅಪಘಾತವೇ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಅಳತೆ ಕೊಟ್ಟಿದೆ: 25 ಕಿಲೋಮೀಟರ್ ವೇಗದಲ್ಲಿ ದಾಟುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು.

ಅದಕ್ಕೇ ನಾವು ಮಹಾನಗರ ಪಾಲಿಕೆಯನ್ನು ಕೇಳುವುದು ಇಷ್ಟು. ಮೊದಲು ಅಧ್ಯಯನ ಮಾಡಿ. ಶಾಲೆ ಸೇರುವ ಮತ್ತು ಬಿಡುವ ಹೊತ್ತಿನಲ್ಲಿ ಯಾವ ವಾಹನ ಎಷ್ಟು ವೇಗದಲ್ಲಿ ಹೋಗುತ್ತದೆ, ಎಷ್ಟು ಮಕ್ಕಳು ಎಲ್ಲಿ ದಾಟುತ್ತಾರೆ, ಹಿಂದಿನ ಮೂರು ವರ್ಷದ ಪೊಲೀಸ್ ದಾಖಲೆಯಲ್ಲಿ ಯಾವ ಜಾಗಗಳ ಹೆಸರು ಮತ್ತೆ ಮತ್ತೆ ಬರುತ್ತದೆ, ಇವನ್ನು ಬರೆದು ಜನರ ಮುಂದೆ ಇಡಿ. ಆಮೇಲೆ ಹೆಚ್ಚು ಅಪಾಯ ಇರುವ ಶಾಲೆಯಿಂದ ಕೆಲಸ ಶುರು ಮಾಡಿ. ಒಂದು ಕಡೆ ಎತ್ತರಿಸಿದ ದಾಟುದಾರಿ ಬೇಕಾಗಬಹುದು, ಇನ್ನೊಂದು ಕಡೆ ಸಿಗ್ನಲ್, ಮತ್ತೊಂದು ಕಡೆ ಬರೀ ಬಸ್ ನಿಲ್ಲುವ ಜಾಗ ಬದಲಿಸಿದರೆ ಸಾಕಾಗಬಹುದು. ಅಳೆಯದೆ ಇದು ಗೊತ್ತಾಗುವುದಿಲ್ಲ.

ಟ್ರಾಫಿಕ್ ಜಾಮ್ ಆಗುತ್ತದೆ ಅನ್ನುವವರಿಗೆ ಒಂದು ಲೆಕ್ಕ. ಶಾಲೆಯ ಮುಂದಿನ 300 ಮೀಟರನ್ನು 50ರ ವೇಗದಲ್ಲಿ ದಾಟಲು 22 ಸೆಕೆಂಡು ಬೇಕು. 30ರಲ್ಲಿ ಆದರೆ 36 ಸೆಕೆಂಡು. ಹೆಚ್ಚಾಗುವುದು 14 ಸೆಕೆಂಡು, ಒಂದು ಗುಟುಕು ಚಹಾ ಕುಡಿಯುವಷ್ಟು ಹೊತ್ತು.

ಇದು ಯಾರ ರಸ್ತೆ ಅನ್ನುವ ತಕರಾರೂ ಬರುತ್ತದೆ. ಪಾಲಿಕೆ ಲೋಕೋಪಯೋಗಿ ಇಲಾಖೆ ಕಡೆ ಕೈ ತೋರಿಸಬಹುದು, ಅವರು ಪೊಲೀಸರ ಕಡೆ. ಆದರೆ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ ಜನರ ಸುರಕ್ಷತೆಗಾಗಿ ಒಂದು ರಸ್ತೆಯಲ್ಲಿ ವೇಗದ ಮಿತಿ ಇಳಿಸಲು ರಾಜ್ಯ ಸರ್ಕಾರಕ್ಕೂ, ಅದು ಅಧಿಕಾರ ಕೊಟ್ಟವರಿಗೂ ಅವಕಾಶವಿದೆ. 2019ರ ತಿದ್ದುಪಡಿಯಲ್ಲಿ ಬಂದ 198ಎ ಕಲಂ, ರಸ್ತೆಯ ವಿನ್ಯಾಸದಲ್ಲಿ ನಿಯಮ ಮೀರಿ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಎಲ್ಲ ಇಲಾಖೆಗಳನ್ನೂ ಒಟ್ಟಿಗೆ ಕೂರಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಅರ್ಜಿ ಅಲ್ಲಿಗೇ ಹೋಗಲಿ.

ನಗರದ ರಸ್ತೆಯ ಬಗ್ಗೆ ಹಳ್ಳಿಯವರು ಮಾತಾಡುವುದೇನು ಅಂತ ಕೇಳಬಹುದು. ದಾಟುವವರು ನಮ್ಮ ಮಕ್ಕಳು, ಅಷ್ಟು ಸಾಕು. ಗ್ರಾಮಸಭೆಯಲ್ಲಿ ಒಂದು ಠರಾವು ಮಾಡಿ ಕಳಿಸಬಹುದು. ಮಕ್ಕಳು ಓದುವ ಶಾಲೆಯ ಪಾಲಕರ ಸಭೆಗೆ ಒಮ್ಮೆ ಹೋದಾಗ ಈ ಮಾತು ಎತ್ತಬಹುದು.

ಅಧ್ಯಯನ ಅಂದರೆ ದೊಡ್ಡ ಯಂತ್ರ ಬೇಕು ಅಂತ ಕಾಯಬೇಡಿ. ಶಾಲೆ ಮುಂದೆ ರಸ್ತೆ ಬದಿಗೆ 50 ಮೀಟರ್ ಅಳೆದು ಎರಡು ಗುರುತು ಹಾಕಿ. ಬದಿಯಲ್ಲೇ ನಿಂತು ಫೋನಿನ ಸ್ಟಾಪ್‌ವಾಚ್ ಒತ್ತಿ. ಗಾಡಿ ಆರು ಸೆಕೆಂಡಿನಲ್ಲಿ ದಾಟಿದರೆ 30ರ ವೇಗ. ಮೂರು ಸೆಕೆಂಡಿನಲ್ಲಿ ದಾಟಿದರೆ 60. ನೂರು ಗಾಡಿ ಹೀಗೆ ಎಣಿಸಿ ಒಂದು ಹಾಳೆಯಲ್ಲಿ ಬರೆದರೆ, ಆ ಹಾಳೆಯೇ ನಿಮ್ಮ ಅರ್ಜಿಯ ಮೊದಲ ಪುಟ. ನಿಮ್ಮೂರಿನ ಹೈಸ್ಕೂಲು ರಾಜ್ಯ ಹೆದ್ದಾರಿಯ ಮೇಲಿದ್ದರೆ ಎಣಿಕೆಯನ್ನು ಅಲ್ಲಿಂದಲೇ ಶುರು ಮಾಡಿ. ನಾವೂ ಈ ತಿಂಗಳು ಒಂದು ಶಾಲೆಯ ಮುಂದೆ ನಿಂತು ಎಣಿಸುತ್ತೇವೆ.