ಕಾಣೆಯಾದವನನ್ನೇ ಕಟಕಟೆಗೆ ಏರಿಸುವವರು

ಒಬ್ಬ ಮನುಷ್ಯ ಕಾಣೆಯಾದಾಗ ಸಮಾಜವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆತನನ್ನು ಹುಡುಕುವ ಹೊಣೆ ಹೊತ್ತವರು ಏನು ಮಾಡುತ್ತಿದ್ದಾರೆ? ಈ ಪ್ರಶ್ನೆಯನ್ನು ಕೇಳುವವರು ನಮ್ಮಲ್ಲಿ ಬಹಳ ಕಡಿಮೆ. ಆತ ಎಲ್ಲಿಗೆ ಹೋಗಿರಬಹುದು, ಯಾಕೆ ಹೋಗಿರಬಹುದು, ಯಾರ ಜೊತೆ ಸೇರಿರಬಹುದು ಎಂದು ವಿವರಿಸುವವರಿಗೆ ಮಾತ್ರ ಬರವಿಲ್ಲ. ಚಹಾದಂಗಡಿಯ ಬೆಂಚಿನಿಂದ ಟಿವಿ ಸ್ಟುಡಿಯೋದವರೆಗೆ ಎಲ್ಲರೂ ಪತ್ತೇದಾರರೇ. ಅವರು ಕಡತ ಓದಿರುವುದಿಲ್ಲ, ಸ್ಥಳ ಕಂಡಿರುವುದಿಲ್ಲ, ಒಬ್ಬ ಸಾಕ್ಷಿಯೊಂದಿಗೂ ಮಾತನಾಡಿರುವುದಿಲ್ಲ. ಆದರೂ ತೀರ್ಪು ಸಿದ್ಧವಾಗಿರುತ್ತದೆ. ಈ ಹವ್ಯಾಸವನ್ನು ನಿರುಪದ್ರವಿ ಕುತೂಹಲವೆಂದು ಹಲವರು ಭಾವಿಸಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಇದು ನೊಂದ ಮನೆಯ ಮೇಲೆ ನಡೆಯುವ ಎರಡನೆಯ ಪ್ರಹಾರ ಮತ್ತು ಕರ್ತವ್ಯ ಮರೆತ ವ್ಯವಸ್ಥೆಗೆ ಪುಕ್ಕಟೆಯಾಗಿ ಸಿಗುವ ರಕ್ಷಣೆ.

ನಜೀಬ್ ಅಹ್ಮದ್ ಪ್ರಕರಣವನ್ನೇ ನೋಡೋಣ. ಉತ್ತರ ಪ್ರದೇಶದ ಬದಾಯೂಂನ ಈ ಯುವಕ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಜೈವಿಕ ತಂತ್ರಜ್ಞಾನದ ಎಂ.ಎಸ್ಸಿ. ಮೊದಲ ವರ್ಷದ ವಿದ್ಯಾರ್ಥಿಯಾಗಿದ್ದರು. 2016ರ ಅಕ್ಟೋಬರ್ 14ರ ರಾತ್ರಿ ಮಾಹಿ-ಮಾಂಡವಿ ಹಾಸ್ಟೆಲಿನಲ್ಲಿ ಅವರ ಮತ್ತು ಎಬಿವಿಪಿಗೆ ಸೇರಿದವರೆನ್ನಲಾದ ಕೆಲವು ವಿದ್ಯಾರ್ಥಿಗಳ ನಡುವೆ ಜಗಳ ನಡೆಯಿತು. ಮರುದಿನ ನಜೀಬ್ ಕಾಣೆಯಾದರು. ಮೊಬೈಲ್ ಫೋನ್ ಕೋಣೆಯಲ್ಲೇ ಉಳಿದಿತ್ತು. ಸುದ್ದಿ ತಿಳಿದು ದೆಹಲಿಗೆ ಬಂದಿದ್ದ ತಾಯಿ ಫಾತಿಮಾ ನಫೀಸ್‌ರಿಗೆ ಮಗ ಸಿಗಲೇ ಇಲ್ಲ. ಅಂದಿನಿಂದ ಆ ತಾಯಿ ಠಾಣೆ, ನ್ಯಾಯಾಲಯ ಮತ್ತು ಬೀದಿ ಎಂಬ ಮೂರು ಬಾಗಿಲುಗಳನ್ನು ತಟ್ಟುತ್ತಲೇ ಇದ್ದಾರೆ.

ಆ ತಾಯಿಗೆ ಸಿಕ್ಕಿದ್ದು ಊಹೆಗಳ ಕಂತೆ. ಆತ ಮಾನಸಿಕ ಚಿಕಿತ್ಸೆ ಪಡೆಯುತ್ತಿದ್ದ, ಆದ್ದರಿಂದ ತಾನಾಗಿಯೇ ಹೊರಟುಹೋಗಿದ್ದಾನೆ ಎಂಬುದು ಒಂದು. ಆಟೋ ರಿಕ್ಷಾ ಹತ್ತಿ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದ ಬಳಿ ಇಳಿದಿದ್ದಾನೆ ಎಂಬುದು ಇನ್ನೊಂದು. ಆಟೋದ ಕಥೆಯನ್ನು ಹೇಳಿದ್ದು ದೆಹಲಿ ಪೊಲೀಸರು. ಆದರೆ ಅದು ಸಿಬಿಐ ತನಿಖೆಯ ಮುಂದೆ ನಿಲ್ಲಲಿಲ್ಲ. ಮಗ ತನ್ನ ವಶದಲ್ಲಿದ್ದಾನೆಂದು ಕರೆ ಮಾಡಿ ಹಣ ಕೇಳಿದ ವಂಚಕನೂ ಈ ನಡುವೆ ಬಂದುಹೋದ. 2017ರ ಜನವರಿಯಲ್ಲಿ ಆತನ ಬಂಧನವಾಯಿತು. ಊಹೆಗಳು ಹರಡಿದಲ್ಲಿ ವಂಚಕರಿಗೆ ಸುಗ್ಗಿ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ಎಲ್ಲಕ್ಕಿಂತ ಕ್ರೂರವಾದ ಊಹೆ 2017ರ ಮಾರ್ಚ್‌ನಲ್ಲಿ ಬಂತು. ನಜೀಬ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಐಸಿಸ್ ಬಗ್ಗೆ ಹುಡುಕಾಡಿದ್ದ ಎಂದು ದೇಶದ ಒಂದು ದೊಡ್ಡ ಆಂಗ್ಲ ದಿನಪತ್ರಿಕೆ ಬರೆಯಿತು. ವಾಹಿನಿಗಳು ಅದನ್ನು ಎತ್ತಿಕೊಂಡವು. ಅಂಥ ಮಾಹಿತಿ ತಮ್ಮ ತನಿಖೆಯಲ್ಲಿ ಇಲ್ಲವೆಂದು ದೆಹಲಿ ಪೊಲೀಸರೇ ಸ್ಪಷ್ಟಪಡಿಸಿದರು. ಆದರೆ ನಿರಾಕರಣೆಯ ನಾಲ್ಕು ಸಾಲುಗಳನ್ನು ಓದುವ ವ್ಯವಧಾನ ಯಾರಿಗಿತ್ತು? ಕೇರಳದಿಂದ ಹೋದ ಇನ್ನೊಬ್ಬ ನಜೀಬ್‌ನ ಸುದ್ದಿಯನ್ನು ತಂದು ಈ ನಜೀಬ್‌ರ ಹೆಸರಿಗೆ ಅಂಟಿಸಲಾಯಿತು. 2019ರ ಚುನಾವಣೆಯ ಹೊತ್ತಿಗೆ ಕಪ್ಪು ಬಾವುಟ ಹಿಡಿದ ಬಂದೂಕುಧಾರಿಗಳ ಒಂದು ಚಿತ್ರ ಮೊಬೈಲ್‌ಗಳಲ್ಲಿ ಹರಿದಾಡಿತು. ಅವರಲ್ಲೊಬ್ಬ ನಜೀಬ್ ಎಂದು ಅದರ ಮೇಲೆ ಬರೆಯಲಾಗಿತ್ತು. ಆ ಚಿತ್ರ ಇರಾಕಿನದು, ತೆಗೆದದ್ದು 2015ರ ಮಾರ್ಚ್‌ನಲ್ಲಿ. ಅದರಲ್ಲಿದ್ದವರು ಐಸಿಸ್ ವಿರುದ್ಧ ಹೋರಾಡಿ ಅದರ ಬಾವುಟವನ್ನು ಕಸಿದುಕೊಂಡ ಇರಾಕಿ ಹೋರಾಟಗಾರರು! 2016ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಕಾಣೆಯಾದವರು 2015ರ ಮಾರ್ಚ್‌ನಲ್ಲಿ ಇರಾಕಿನಲ್ಲಿ ನಿಂತಿರಲು ಹೇಗೆ ಸಾಧ್ಯ? ದಿನಾಂಕ ನೋಡುವ ಕನಿಷ್ಠ ಶ್ರಮವನ್ನೂ ಪಡದವರು ತಮ್ಮನ್ನು ಪತ್ತೇದಾರರೆಂದು ಕರೆದುಕೊಳ್ಳುತ್ತಾರೆ.

ಈ ಊಹೆಗಳಿಂದ ಲಾಭವಾದದ್ದು ಯಾರಿಗೆ ಎಂದು ಕೇಳಿಕೊಳ್ಳೋಣ. ವಿಶ್ವವಿದ್ಯಾಲಯದ ಆವರಣವನ್ನು ನಾಯಿಗಳೊಂದಿಗೆ ಆರುನೂರಕ್ಕೂ ಹೆಚ್ಚು ಪೊಲೀಸರು ಜಾಲಾಡಿದ್ದು ಡಿಸೆಂಬರ್‌ನಲ್ಲಿ, ಅಂದರೆ ಎರಡು ತಿಂಗಳ ನಂತರ. ಅದೂ ದೆಹಲಿ ಹೈಕೋರ್ಟ್ ಆದೇಶಿಸಿದ ಮೇಲೆ. 2017ರ ಮೇ ತಿಂಗಳಲ್ಲಿ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಸಿಬಿಐ ಹತ್ತು ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. 2018ರ ಅಕ್ಟೋಬರ್‌ನಲ್ಲಿ ಪ್ರಕರಣ ಮುಕ್ತಾಯದ ವರದಿ ಸಲ್ಲಿಸಿತು. ತಾಯಿ ಆ ವರದಿಯನ್ನು ಪ್ರಶ್ನಿಸಿದರು. 2025ರ ಜೂನ್ 30ರಂದು ದೆಹಲಿಯ ನ್ಯಾಯಾಲಯ ವರದಿಯನ್ನು ಅಂಗೀಕರಿಸಿ, ಹೊಸ ಸುಳಿವು ಸಿಕ್ಕಿದರೆ ತನಿಖೆಯನ್ನು ಮತ್ತೆ ತೆರೆಯುವ ಅವಕಾಶವನ್ನು ಉಳಿಸಿತು. ರಾಷ್ಟ್ರದ ರಾಜಧಾನಿಯ ಪ್ರತಿಷ್ಠಿತ ವಿಶ್ವವಿದ್ಯಾಲಯದಿಂದ ಒಬ್ಬ ವಿದ್ಯಾರ್ಥಿ ಕಾಣೆಯಾದರು, ದೇಶದ ಅತ್ಯುನ್ನತ ತನಿಖಾ ಸಂಸ್ಥೆಗೂ ಅವರು ಸಿಗಲಿಲ್ಲ. ಈ ವೈಫಲ್ಯ ದೇಶದ ಮನಸ್ಸಾಕ್ಷಿಯನ್ನು ಕಲಕಬೇಕಿತ್ತು. ಕಲಕಲಿಲ್ಲ, ಏಕೆಂದರೆ ಅಷ್ಟರಲ್ಲಿ ಬಹಳಷ್ಟು ಮಂದಿ ತಮ್ಮದೇ ಉತ್ತರವನ್ನು ಕಂಡುಕೊಂಡಾಗಿತ್ತು. ಆತ ಸಿರಿಯಾಕ್ಕೆ ಹೋಗಿದ್ದಾನೆಂದು ನಂಬಿದವನು ದೆಹಲಿ ಪೊಲೀಸರನ್ನೇಕೆ ಪ್ರಶ್ನಿಸುತ್ತಾನೆ?

ಈ ರೋಗ ಭಾರತದ್ದು ಮಾತ್ರವಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಭಾರತೀಯ ಮೂಲದ ಸುನಿಲ್ ತ್ರಿಪಾಠಿ 2013ರ ಮಾರ್ಚ್‌ನಲ್ಲಿ ಕಾಣೆಯಾದರು. ಒಂದು ತಿಂಗಳ ನಂತರ ಬೋಸ್ಟನ್ ಮ್ಯಾರಥಾನ್ ಸ್ಫೋಟ ನಡೆಯಿತು. ತನಿಖಾಧಿಕಾರಿಗಳು ಬಿಡುಗಡೆ ಮಾಡಿದ ಶಂಕಿತರ ಮಸುಕಾದ ಚಿತ್ರವನ್ನು ನೋಡಿದ ಹವ್ಯಾಸಿ ಪತ್ತೇದಾರರು, ಒಬ್ಬನ ಮುಖ ಸುನಿಲ್‌ರದೇ ಎಂದು ಒಂದೇ ರಾತ್ರಿಯಲ್ಲಿ ತೀರ್ಮಾನಿಸಿದರು. ಮಗನನ್ನು ಹುಡುಕಿಕೊಡಿ ಎಂದು ಕುಟುಂಬ ತೆರೆದಿದ್ದ ಪುಟಕ್ಕೆ ಬೈಗುಳಗಳ ಮಳೆ ಸುರಿಯಿತು, ಅದನ್ನು ಮುಚ್ಚಬೇಕಾಯಿತು. ಕೆಲವೇ ಗಂಟೆಗಳಲ್ಲಿ ನಿಜವಾದ ಶಂಕಿತರು ಬೇರೆ ಇಬ್ಬರು ಸಹೋದರರೆಂದು ತಿಳಿಯಿತು. ಏಪ್ರಿಲ್ 23ರಂದು ಪ್ರಾವಿಡೆನ್ಸ್ ನಗರದ ನದಿಯಲ್ಲಿ ಸುನಿಲ್‌ರ ಮೃತದೇಹ ಸಿಕ್ಕಿತು. ಸ್ಫೋಟಕ್ಕೆ ಮೊದಲೇ ತೀರಿಕೊಂಡಿದ್ದ ಒಬ್ಬ ಯುವಕನನ್ನು ಜಗತ್ತು ಭಯೋತ್ಪಾದಕನೆಂದು ಕರೆದಿತ್ತು. ಕಂದು ಬಣ್ಣದ ಮುಖ ಮತ್ತು ಕಾಣೆಯಾದ ದಿನಾಂಕ, ಇವೆರಡೇ ಅವರ ವಿರುದ್ಧದ 'ಸಾಕ್ಷ್ಯ'ಗಳಾಗಿದ್ದವು.

ಇಂಗ್ಲೆಂಡಿನ ಲ್ಯಾಂಕಾಶೈರ್‌ನಲ್ಲಿ 2023ರ ಜನವರಿಯಲ್ಲಿ ನಿಕೋಲಾ ಬುಲ್ಲಿ ಎಂಬ ಮಹಿಳೆ ನದಿ ದಂಡೆಯಲ್ಲಿ ಕಾಣೆಯಾದಾಗಲೂ ಇದೇ ನಡೆಯಿತು. ಕ್ಯಾಮೆರಾ ಹಿಡಿದ ಅಪರಿಚಿತರು ಆ ಪುಟ್ಟ ಗ್ರಾಮಕ್ಕೆ ಮುತ್ತಿಗೆ ಹಾಕಿದರು. ಆಕೆಯ ಆಪ್ತರನ್ನೇ ಅನುಮಾನಿಸಲಾಯಿತು. ಜನರನ್ನು ಚದುರಿಸಲು ಪೊಲೀಸರು ಆದೇಶ ಹೊರಡಿಸಬೇಕಾಯಿತು. ಮೂರು ವಾರಗಳ ನಂತರ ಅದೇ ನದಿಯಲ್ಲಿ ದೇಹ ಸಿಕ್ಕಿತು. ಅದು ಆಕಸ್ಮಿಕವಾಗಿ ಮುಳುಗಿ ಆದ ಸಾವೆಂದು ವಿಚಾರಣೆ ತೀರ್ಮಾನಿಸಿತು. ಕಥೆ ಕಟ್ಟಿದವರು ತಮ್ಮ ಮನೆಗೆ ಮರಳಿದರು. ಆಕೆಯ ಇಬ್ಬರು ಹೆಣ್ಣುಮಕ್ಕಳು ಆ ಕಥೆಗಳ ನಡುವೆಯೇ ಬೆಳೆಯಬೇಕು.

ಇನ್ನು ನಮ್ಮ ಕಡೆಗೂ ತಿರುಗಿ ಒಂದು ಮಾತು. ಊಹೆಯ ಹಬ್ಬ ವಿರೋಧಿಗಳ ಬೀದಿಯಲ್ಲಿ ಮಾತ್ರ ನಡೆಯುವುದಿಲ್ಲ. ನಜೀಬ್‌ರ ಹೆಸರೆತ್ತಿದೊಡನೆ ಕೊಂದವರು ಇಂಥವರೇ, ಹೂತದ್ದು ಇಂಥ ಕಡೆಯೇ ಎಂದು ಕಣ್ಣಾರೆ ಕಂಡವರಂತೆ ಹೇಳುವವರು ನಮ್ಮ ಸಮುದಾಯದಲ್ಲೂ ಇದ್ದಾರೆ. ಜಗಳ ನಡೆದದ್ದು ನಿಜ. ಆ ಜಗಳವನ್ನು ಸಮಗ್ರವಾಗಿ ತನಿಖೆ ಮಾಡಬೇಕೆಂಬ ತಾಯಿಯ ಬೇಡಿಕೆ ಸಂಪೂರ್ಣ ನ್ಯಾಯಯುತವಾದುದು. ಆದರೆ ಜಗಳಕ್ಕೂ ಕಣ್ಮರೆಗೂ ಸಂಬಂಧ ಕಲ್ಪಿಸುವ ಸಾಕ್ಷ್ಯವಿಲ್ಲವೆಂದು 2025ರಲ್ಲಿ ನ್ಯಾಯಾಲಯ ಹೇಳಿದೆ. ಅದನ್ನು ಮೇಲಿನ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು, ಕೊಲೆಗಾರರ ಪಟ್ಟಿಯನ್ನು ನಾವೇ ತಯಾರಿಸುವಂತಿಲ್ಲ.

ಸುಳ್ಳು ಪತ್ತೆ ಪರೀಕ್ಷೆಗೆ ಆ ವಿದ್ಯಾರ್ಥಿಗಳು ಒಪ್ಪಲಿಲ್ಲ, ಅದೇ ಅವರ ಅಪರಾಧಕ್ಕೆ ಪುರಾವೆ ಎನ್ನುವವರಿದ್ದಾರೆ. ಅವರು ಸ್ವಲ್ಪ ಯೋಚಿಸಲಿ. ಒಬ್ಬನ ಒಪ್ಪಿಗೆಯಿಲ್ಲದೆ ಸುಳ್ಳು ಪತ್ತೆ, ಮಂಪರು ಪರೀಕ್ಷೆ ಮತ್ತು ಮಿದುಳಿನ ಪರೀಕ್ಷೆ ನಡೆಸುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರ ಮೇ ತಿಂಗಳಲ್ಲಿ ತೀರ್ಪು ನೀಡಿದೆ. ಸೆಲ್ವಿ ಎಂಬವರು ಕರ್ನಾಟಕ ಸರಕಾರದ ವಿರುದ್ಧ ಹೂಡಿದ ಮೊಕದ್ದಮೆಯದು. ಸುಳ್ಳು ಆರೋಪ ಹೊತ್ತು ಜೈಲು ಸೇರಿದ ನಮ್ಮ ಹುಡುಗರಿಗೂ ಗುರಾಣಿಯಾಗಿರುವುದು ಇದೇ ತೀರ್ಪು. ಗುರಾಣಿ ನಮ್ಮ ಕೈಯಲ್ಲಿದ್ದರೆ ಹಕ್ಕು, ಇತರರ ಕೈಯಲ್ಲಿದ್ದರೆ ಅಪರಾಧ ಎಂದಾಗದು. ನ್ಯಾಯಕ್ಕೆ ಎರಡು ತಕ್ಕಡಿಗಳಿಲ್ಲ.

ಪೊಲೀಸರು ಕೈಚೆಲ್ಲಿದಾಗ ಸಾಮಾನ್ಯ ಜನರು ಹುಡುಕುವುದು ತಪ್ಪೇ ಎಂದು ಕೆಲವರು ಕೇಳಬಹುದು. ಖಂಡಿತ ತಪ್ಪಲ್ಲ. ಅಮೆರಿಕದ ಕೆಂಟಕಿಯಲ್ಲಿ 1968ರಲ್ಲಿ ಸಿಕ್ಕ ಒಬ್ಬ ಯುವತಿಯ ಶವದ ಗುರುತು ಮೂವತ್ತು ವರ್ಷ ಪತ್ತೆಯಾಗಿರಲಿಲ್ಲ. ಟಾಡ್ ಮ್ಯಾಥ್ಯೂಸ್ ಎಂಬ ಕಾರ್ಖಾನೆಯ ಕಾರ್ಮಿಕ, ಕಾಣೆಯಾದವರ ಕುಟುಂಬಗಳು ಪ್ರಕಟಿಸಿದ್ದ ವಿವರಗಳನ್ನು ವರ್ಷಗಟ್ಟಲೆ ಹೋಲಿಸಿ ನೋಡಿ, 1998ರಲ್ಲಿ ಆ ಯುವತಿಯ ಒಡಹುಟ್ಟಿದವರನ್ನು ಕಂಡುಹಿಡಿದರು. ಅಂತಿಮವಾಗಿ ಖಚಿತಪಡಿಸಿದ್ದು ಡಿಎನ್‌ಎ ಪರೀಕ್ಷೆ. ಅವರೂ ಹವ್ಯಾಸಿಯೇ. ಆದರೆ ಅವರು ದಾಖಲೆಗಳನ್ನು ಓದಿದರು, ಹೋಲಿಸಿದರು, ತಿಳಿದುದನ್ನು ಅಧಿಕಾರಿಗಳಿಗೆ ಒಪ್ಪಿಸಿದರು. ಕೊಲೆಗಾರ ಇಂಥವನೆಂದು ಬೀದಿಯಲ್ಲಿ ಸಾರಲಿಲ್ಲ. ಹುಡುಕುವವನಿಗೂ ಹರಟುವವನಿಗೂ ಇರುವ ಅಂತರ ಇಷ್ಟೇ.

ಮುಸ್ಲಿಮರಿಗಂತೂ ಈ ಪಾಠ ಹೊಸತಲ್ಲ. ಪ್ರವಾದಿ(ಸ)ರ ಪತ್ನಿ ಆಯಿಶಾ(ರ) ಕಳೆದುಹೋದ ಸರವನ್ನು ಹುಡುಕುತ್ತಾ ಯಾತ್ರಾ ತಂಡದಿಂದ ಹಿಂದುಳಿದಾಗ, ಮದೀನಾದ ಕೆಲವು ನಾಲಿಗೆಗಳು ಏನೇನು ಕಥೆ ಕಟ್ಟಿದವೆಂಬುದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಕಥೆ ಕಟ್ಟಿದವರನ್ನು ಮಾತ್ರವಲ್ಲ, ಕೇಳಿದ್ದನ್ನು ವಿಚಾರಿಸದೆ ದಾಟಿಸಿದವರನ್ನೂ ಕುರ್‌ಆನಿನ 'ಅನ್ನೂರ್' ಅಧ್ಯಾಯ ತರಾಟೆಗೆ ತೆಗೆದುಕೊಂಡಿತು. ಇಂದು ಬಂದ ಸಂದೇಶವನ್ನು ಓದಿ ಮುಗಿಸುವ ಮೊದಲೇ ಹತ್ತು ಮಂದಿಗೆ ಕಳುಹಿಸುವ ಬೆರಳುಗಳು ಆ ನಾಲಿಗೆಗಳಿಗಿಂತ ಹೇಗೆ ಭಿನ್ನ?

ನಮ್ಮ ಊರುಗಳಲ್ಲೂ ಜನರು ಕಾಣೆಯಾಗುತ್ತಾರೆ. ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಹುಡುಗ, ಮನೆ ಬಿಟ್ಟ ಹೆಣ್ಣುಮಗಳು, ಮರೆವಿನ ಕಾಯಿಲೆಯ ವೃದ್ಧರು. ಹೆಣ್ಣುಮಗಳಾದರೆ ಊಹೆಗೆ ರೆಕ್ಕೆ ಮೂಡಲು ಒಂದು ಗಂಟೆಯೂ ಬೇಡ. ಮಾನಕ್ಕೆ ಅಂಜಿದ ತಂದೆ ತಾಯಿ ಠಾಣೆಗೆ ಹೋಗಲು ಹಿಂಜರಿಯುತ್ತಾರೆ. ಹುಡುಕಾಟದಲ್ಲಿ ಅತ್ಯಂತ ಬೆಲೆಬಾಳುವ ಮೊದಲ ಗಂಟೆಗಳು ಹೀಗೆ ಕಳೆದುಹೋಗುತ್ತವೆ. ನೆರೆಯವರ ನಾಲಿಗೆಗೆ ಹೆದರಿ ತಡವಾಗಿ ಹೋದ ಒಂದು ದೂರಿನಿಂದ ಒಂದು ಜೀವಕ್ಕೆ ಅಪಾಯವಾದರೆ ಅದರ ಹೊಣೆ ಯಾರದು?

ಆದ್ದರಿಂದ ಚರ್ಚಿಸಲೇಬೇಕೆನ್ನುವವರು ಇವುಗಳನ್ನು ಚರ್ಚಿಸಲಿ. ಕಾಣೆಯಾದ ದೂರು ನೀಡಲು ಇಪ್ಪತ್ತನಾಲ್ಕು ಗಂಟೆ ಕಾಯಬೇಕೆಂಬ ಯಾವ ಕಾನೂನೂ ಈ ದೇಶದಲ್ಲಿಲ್ಲ. ಕಾಣೆಯಾದದ್ದು ಮಗುವಾದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪಹರಣದಂಥ ಅಪರಾಧದ ದೂರನ್ನು ಘಟನೆ ತಮ್ಮ ವ್ಯಾಪ್ತಿಯದ್ದಲ್ಲವೆಂಬ ನೆಪ ಹೇಳಿ ಠಾಣೆಯವರು ಹಿಂದಿರುಗಿಸುವಂತಿಲ್ಲ. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಯಾರಾದರೂ ಅಕ್ರಮ ಬಂಧನದಲ್ಲಿದ್ದಾರೆಂಬ ಶಂಕೆಯಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಬಹುದು. ನಜೀಬ್‌ರ ತಾಯಿ ಹಿಡಿದದ್ದು ಇದೇ ದಾರಿಯನ್ನು. ಇದನ್ನು ತಿಳಿದ ನಾಲ್ಕು ಮಂದಿ ಪ್ರತಿ ಜಮಾಅತ್‌ನಲ್ಲಿದ್ದರೆ, ದುಃಖದ ಮನೆಯವರೊಂದಿಗೆ ಆ ರಾತ್ರಿಯೇ ಠಾಣೆಗೆ ಹೋದರೆ, ಅದು ನೂರು ಊಹೆಗಳಿಗಿಂತ ಮಿಗಿಲಾದ ಸೇವೆ.

ಫಾತಿಮಾ ನಫೀಸ್ 2018ರಲ್ಲಿ, ಮಗನಿಗೆ ಐಸಿಸ್ ಹಣೆಪಟ್ಟಿ ಹಚ್ಚಿದ ಮಾಧ್ಯಮಗಳ ವಿರುದ್ಧ ಮಾನನಷ್ಟ ಮೊಕದ್ದಮೆ ಹೂಡಿದರು. ಮಗನನ್ನು ಹುಡುಕುವುದರ ಜೊತೆಗೆ ಮಗನ ಹೆಸರನ್ನೂ ಕಾಪಾಡಬೇಕಾದ ಎರಡು ಹೊರೆ ಆ ತಾಯಿಯ ಹೆಗಲೇರಿತು. ಮೊದಲನೆಯದನ್ನು ಹೊರಿಸಿದವರು ಯಾರೆಂದು ಇನ್ನೂ ಪತ್ತೆಯಾಗಿಲ್ಲ. ಎರಡನೆಯದನ್ನು ಹೊರಿಸಿದವರು ಯಾರೆಂದು ಹುಡುಕಲು ಸಿಬಿಐ ಬೇಕಾಗಿಲ್ಲ. ಅವರು ಪ್ರತಿ ಊರಿನಲ್ಲಿದ್ದಾರೆ, ಇಂದೂ ಹೊಸದೊಂದು ಕಥೆಯನ್ನು ಹೇಳುತ್ತಿದ್ದಾರೆ. ಅವರು ಬಾಯಿ ತೆರೆದಾಗ 'ನಿಮಗೆ ಹೇಗೆ ಗೊತ್ತು?' ಎಂದು ಕೇಳುವ ಒಬ್ಬನಾದರೂ ಪ್ರತಿ ಮನೆಯಲ್ಲಿ ಇರಲಿ.